ಕುಸ್ಕೊದಿಂದ ಒಂದು ದಿನ: ಇಂಕಾಗಳ ಕಣಿವೆಯನ್ನು ಓಡದೆ ನೋಡುವುದು ಹೇಗೆ

ಪೆರುವಿನ ಕುಸ್ಕೊ ಊರಿನ ದೊಡ್ಡ ಚೌಕದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಯಾರಾದರೊಬ್ಬರು ಬಂದು ಕೈಗೆ ಚೀಟಿ ತುರುಕುತ್ತಾರೆ. ಪವಿತ್ರ ಕಣಿವೆ, ಒಂದೇ ದಿನ, ಐದು ಜಾಗ, ಮಧ್ಯಾಹ್ನದ ಊಟವೂ ಸೇರಿ. ಮೊದಲ ಸಲ ನಾನೂ ಆ ಚೀಟಿ ಹಿಡಿದುಕೊಂಡು ಹೋದವನೇ. ಬೆಳಗ್ಗೆ ಆರೂವರೆಗೆ ಹತ್ತಿಸಿಕೊಂಡ ಬಸ್ಸು ರಾತ್ರಿ ಏಳೂವರೆಗೆ ಇಳಿಸಿತು. ನಡುವೆ ಚಿಂಚೇರೊ, ಮೊರಾಯ್, ಮರಾಸ್, ಒಯಾಂತಾಯ್ತಾಂಬೊ, ಪಿಸಾಕ್ ಎಲ್ಲಾ ಆಯಿತು, ಅಂದರೆ ಬಸ್ಸಿನಿಂದ ಇಳಿದದ್ದು, ಗೈಡ್ ಕೊಡೆ ಎತ್ತಿದ ಕಡೆ ಓಡಿದ್ದು, ಒಂದು ಅಂಗಡಿಯಲ್ಲಿ ಮುಕ್ಕಾಲು ಗಂಟೆ ಸ್ವೆಟರ್ ಮುಟ್ಟಿ ನೋಡುತ್ತಾ ನಿಂತದ್ದು ಆಯಿತು. ಪಿಸಾಕ್ ತಲುಪಿದಾಗ ಗೇಟು ಮುಚ್ಚಲು ನಲವತ್ತು ನಿಮಿಷ ಉಳಿದಿತ್ತು. ರೂಮಿಗೆ ಬಂದು ಫೋಟೊ ನೋಡಿದರೆ ಯಾವ ಗೋಡೆ ಯಾವ ಊರಿನದು ಅಂತ ನನಗೇ ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಅದೇ ಕಣಿವೆಗೆ ನನ್ನಷ್ಟಕ್ಕೆ ನಾನೇ ಹೋದೆ, ಎರಡೇ ಜಾಗ ನೋಡಿದೆ. ಈಗ ಹೇಳುತ್ತಿರುವುದು ಆ ಎರಡನೇ ದಿನದ ದಾರಿ.

ಮೊದಲೇ ಒಂದು ಮಾತು. ಸ್ಪೇನಿನವರು ಬರುವ ಮುಂಚೆ ಈ ಬೆಟ್ಟನಾಡನ್ನು ಆಳಿದ ಇಂಕಾಗಳು ಅಂದಕೂಡಲೇ ಎಲ್ಲರೂ ಕಲ್ಲಿನ ಬಗ್ಗೆಯೇ ಮಾತಾಡುತ್ತಾರೆ. ಬ್ಲೇಡು ಕೂಡ ತೂರದ ಸಂದು, ಗಾರೆ ಇಲ್ಲದ ಗೋಡೆ, ಅದೆಲ್ಲಾ ನಿಜವೇ. ಆದರೆ ಈ ಕಣಿವೆ ಅರ್ಥವಾಗಬೇಕಾದರೆ ನೀರಿನ ಜಾಡು ಹಿಡಿಯಬೇಕು. ಎಲ್ಲಿಂದ ಬರುತ್ತದೆ, ಯಾವ ಕಲ್ಲಿನ ಮೇಲೆ ಹರಿಯುತ್ತದೆ, ಯಾವ ಹೊಲಕ್ಕೆ ಇಳಿಯುತ್ತದೆ ಅಂತ ನೋಡುತ್ತಾ ಹೋದರೆ ಗೈಡ್ ಇಲ್ಲದೆಯೂ ಅರ್ಧ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಹಂಪಿಯಲ್ಲಿ ತುರ್ತಾ ಕಾಲುವೆ ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ, ಅಲ್ವಾ? ಇಲ್ಲೂ ಹಾಗೇ, ಐದಾರು ನೂರು ವರ್ಷದ ಕಾಲುವೆಗಳು ಇನ್ನೂ ಕೆಲಸದಲ್ಲಿವೆ. ಅಂದಹಾಗೆ ಎರಡೂ ಹೆಚ್ಚುಕಮ್ಮಿ ಒಂದೇ ಕಾಲದವು. ಇಂಕಾ ರಾಜ್ಯವನ್ನು ಸಾಮ್ರಾಜ್ಯ ಮಾಡಿದ ಪಾಚಾಕುಟಿ ಪಟ್ಟಕ್ಕೆ ಬಂದದ್ದು 1438ರಲ್ಲಿ ಅಂತ ರೂಢಿಯ ಲೆಕ್ಕ. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ.

ಮೊದಲು ಉಸಿರಾಟದ ವಿಷಯ

ಇದನ್ನು ಹಾರಿಸಿ ಓದಬೇಡಿ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕುಸ್ಕೊ ಊರು ಇರುವುದೇ ಸುಮಾರು 3,400 ಮೀಟರಿನಲ್ಲಿ. ಪೆರುವಿನ ರಾಜಧಾನಿ ಲಿಮಾ ಇರುವುದು ಸಮುದ್ರದ ದಂಡೆಯಲ್ಲಿ. ಅಲ್ಲಿಂದ ವಿಮಾನ ಹತ್ತಿದರೆ ಒಂದೂಕಾಲು ಗಂಟೆಯಲ್ಲಿ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೂ ಒಂದೂವರೆ ಸಾವಿರ ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ. ದೇಹಕ್ಕೆ ಏನಾಯಿತು ಅಂತ ಗೊತ್ತಾಗಲು ಐದಾರು ಗಂಟೆ ಬೇಕು. ಸಂಜೆ ಹೊತ್ತಿಗೆ ತಲೆನೋವು, ವಾಕರಿಕೆ, ಊಟ ಬೇಡ, ನಿದ್ದೆ ಇಲ್ಲ. ಅಲ್ಲಿಯವರು ಇದಕ್ಕೆ ಸೊರೋಚೆ ಅನ್ನುತ್ತಾರೆ. ಜಿಮ್ಮಿಗೆ ಹೋಗುವ ಗಟ್ಟಿಮುಟ್ಟಾದ ಹುಡುಗರೂ ಮಲಗಿಬಿಡುತ್ತಾರೆ, ಅರವತ್ತು ದಾಟಿದ ಅಮ್ಮಂದಿರು ಆರಾಮವಾಗಿ ಓಡಾಡುತ್ತಾರೆ. ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಅಂತ ಮೊದಲೇ ಹೇಳಲು ಆಗುವುದಿಲ್ಲ.

ಅದಕ್ಕೆ ಒಂದು ಸುಲಭದ ಉಪಾಯ ಇದೆ, ಆದರೂ ಬಹಳ ಜನ ಮಾಡುವುದಿಲ್ಲ. ಪವಿತ್ರ ಕಣಿವೆ ಕುಸ್ಕೊಗಿಂತ ತಗ್ಗಿನಲ್ಲಿದೆ. ಉರುಬಾಂಬ ಪಟ್ಟಣ ಸುಮಾರು 2,870 ಮೀಟರ್, ಒಯಾಂತಾಯ್ತಾಂಬೊ ಸುಮಾರು 2,790. ಹಾಗಾಗಿ ಕುಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದವರು ಅಲ್ಲಿ ರೂಮು ಮಾಡದೆ ನೇರವಾಗಿ ಟ್ಯಾಕ್ಸಿಯಲ್ಲಿ ಕಣಿವೆಗೆ ಇಳಿದು, ಎರಡು ರಾತ್ರಿ ಅಲ್ಲಿ ಮಲಗಿ, ಆಮೇಲೆ ಕುಸ್ಕೊಗೆ ಹತ್ತಿದರೆ ಅರ್ಧ ತೊಂದರೆ ಕಮ್ಮಿ. ಇಂಕಾಗಳ ಹೆಸರಾಂತ ಪಾಳು ಊರು ಮಾಚು ಪಿಚ್ಚು ಇನ್ನೂ ತಗ್ಗು, 2,430 ಮೀಟರ್. ಅಮೆರಿಕದಿಂದ ನಾಲ್ಕೈದು ದಿನದ ರಜೆ ಹಾಕಿ ಬರುವ ನಮ್ಮವರು ಮೊದಲ ದಿನವೇ ಕುಸ್ಕೊದಲ್ಲಿ ಮೆಟ್ಟಿಲು ಹತ್ತಿ, ಎರಡನೇ ದಿನ ಹಾಸಿಗೆ ಹಿಡಿದು, ಮೂರನೇ ದಿನ ಎದ್ದು ವಾಪಸ್ ಹೋಗುವುದನ್ನು ನೋಡಿ ಹೇಳುತ್ತಿದ್ದೇನೆ.

ಮಾತ್ರೆ ಬೇಕು ಅನ್ನುವವರು ಅಸಿಟಜೋಲಮೈಡ್ ಬಗ್ಗೆ ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಸಲ್ಫಾ ಔಷಧಿ ಆಗಿಬರದವರು ಅದನ್ನು ಮೊದಲೇ ಹೇಳಿಬಿಡಿ. ಇಲ್ಲಿನ ಹೋಟೆಲುಗಳಲ್ಲಿ ಕೋಕಾ ಎಲೆ ಹಾಕಿದ ಬಿಸಿನೀರು ಇಟ್ಟಿರುತ್ತಾರೆ, ಹಸಿರು ಎಲೆಯ ಕಷಾಯದ ರುಚಿ, ಕುಡಿದರೆ ಹಿತವಾಗಿರುತ್ತದೆ. ಮುನ್ಯಾ ಅಂತ ಪುದೀನದಂಥ ಇನ್ನೊಂದು ಸೊಪ್ಪಿನ ಚಹಾ ಇದೆ, ಹೊಟ್ಟೆ ಉಬ್ಬರಕ್ಕೆ ನನಗೆ ಅದೇ ಸರಿಹೋಯಿತು. ಕೋಕಾ ಪ್ಯಾಕೆಟ್ಟನ್ನು ಮಾತ್ರ ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಭಾರತದಲ್ಲೂ ಅಮೆರಿಕದಲ್ಲೂ ಅದು ಕಾನೂನಿಗೆ ವಿರುದ್ಧ. ಚಹಾ ಪುಡಿ ಸಾರ್ ಅಂದರೆ ಕಸ್ಟಮ್ಸಿನವರು ಕೇಳುವುದಿಲ್ಲ.

ಯಾವಾಗ ಹೋಗುವುದು, ಟಿಕೆಟ್ ಎಲ್ಲಿ

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ, ಕುಸ್ಕೊ ದಕ್ಷಿಣಕ್ಕೆ ಸುಮಾರು ಅಷ್ಟೇ. ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲಾ ತಿರುಗುಮುರುಗು. ನಮ್ಮಲ್ಲಿ ಮಳೆ ಹಿಡಿದು ಕೂರುವ ಜೂನ್, ಜುಲೈ, ಆಗಸ್ಟ್ ಅಲ್ಲಿ ಒಣ ಕಾಲ. ಆಕಾಶ ನೀಲಿ, ಹಗಲು ಬಿಸಿಲು, ರಾತ್ರಿ ಸೊನ್ನೆ ಡಿಗ್ರಿ ಹತ್ತಿರ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಸಮಯ. ಜನವರಿ, ಫೆಬ್ರವರಿಯಲ್ಲಿ ಮಳೆ ಜೋರು, ದಾರಿ ಜಾರುತ್ತದೆ, ಮೋಡದಲ್ಲಿ ಬೆಟ್ಟ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಮೇ ತಿಂಗಳು ಎಲ್ಲಕ್ಕಿಂತ ಮೇಲು. ಮಳೆ ನಿಂತಿರುತ್ತದೆ, ಬೆಟ್ಟದ ಹಸಿರು ಇನ್ನೂ ಆರಿರುವುದಿಲ್ಲ, ಜೂನ್ 24ರ ಸೂರ್ಯನ ಹಬ್ಬದ ನೂಕುನುಗ್ಗಲು ಶುರುವಾಗಿರುವುದಿಲ್ಲ.

ಟಿಕೆಟ್ ವಿಷಯ ಸ್ವಲ್ಪ ಗೋಜಲು. ಒಂದೊಂದು ಜಾಗಕ್ಕೆ ಬೇರೆ ಬೇರೆ ಟಿಕೆಟ್ ಕೊಡುವುದಿಲ್ಲ, ಬೊಲೆತೊ ತುರಿಸ್ಟಿಕೊ ಅನ್ನುವ ಒಂದು ಕಟ್ಟು ಟಿಕೆಟ್ ತೆಗೆದುಕೊಳ್ಳಬೇಕು. ನಾನು ಹೋದಾಗ ಕುಸ್ಕೊ ಸುತ್ತಲಿನ 16 ಜಾಗಗಳಿಗೆ ಹತ್ತು ದಿನ ನಡೆಯುವ ಪೂರ್ತಿ ಟಿಕೆಟ್ ವಿದೇಶಿಯರಿಗೆ 130 ಸೋಲ್ ಇತ್ತು, ಬರೀ ಕಣಿವೆಯ ನಾಲ್ಕು ಜಾಗಗಳಿಗೆ, ಅಂದರೆ ಪಿಸಾಕ್, ಒಯಾಂತಾಯ್ತಾಂಬೊ, ಮೊರಾಯ್, ಚಿಂಚೇರೊ, ಎರಡು ದಿನ ನಡೆಯುವುದು 70 ಸೋಲ್. ಒಂದು ಸೋಲ್ ಅಂದರೆ ಆಗ ಇಪ್ಪತ್ತು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಇತ್ತು. ಪಿಸಾಕ್ ಗೇಟಿನಲ್ಲೇ ಸಿಗುತ್ತದೆ, ಆದರೆ ನೋಟು ಕೊಡಬೇಕು, ಕಾರ್ಡು ನಂಬಿಕೊಂಡು ಹೋಗಬೇಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಜೇಬಲ್ಲಿರಲಿ. ಮರಾಸ್ ಉಪ್ಪಿನ ಮಡಿಗಳು ಈ ಟಿಕೆಟ್ಟಿನಲ್ಲಿ ಬರುವುದಿಲ್ಲ, ಅದು ಆ ಊರಿನವರದೇ ಆಸ್ತಿ, ಅವರಿಗೇ ಬೇರೆ ದುಡ್ಡು ಕೊಡಬೇಕು.

ಗಾಡಿ ಮೂರು ಥರ. ಗುಂಪಿನ ಬಸ್ಸಿನ ಕಥೆ ಮೇಲೆ ಹೇಳಿದೆ. ಎರಡನೆಯದು ಇಡೀ ದಿನಕ್ಕೆ ಟ್ಯಾಕ್ಸಿ. ನಾಲ್ಕು ಜನ ಇದ್ದರೆ ಇದೇ ಒಳ್ಳೆಯದು, ಆದರೆ ಹೊರಡುವ ಮೊದಲೇ ಯಾವ್ಯಾವ ಜಾಗ, ಎಷ್ಟೆಷ್ಟು ಹೊತ್ತು ಕಾಯುತ್ತಾರೆ, ಒಟ್ಟು ಎಷ್ಟು ಅಂತ ಕಾಗದದಲ್ಲಿ ಬರೆದು ತೋರಿಸಿ ಒಪ್ಪಿಸಿಕೊಳ್ಳಿ. ಮೂರನೆಯದು ಕೊಲೆಕ್ಟಿವೊ, ನಮ್ಮ ಹಳ್ಳಿ ಕಡೆ ಓಡುವ ಟೆಂಪೊ, ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ. ಸೀಟು ತುಂಬಿದಾಗ ಹೊರಡುತ್ತದೆ, ಕೈ ಅಡ್ಡ ಹಾಕಿದ ಕಡೆ ನಿಲ್ಲುತ್ತದೆ, ದುಡ್ಡು ಬಹಳ ಕಮ್ಮಿ. ಕುಸ್ಕೊದಲ್ಲಿ ಪಿಸಾಕ್ ಕಡೆಗೆ ಪುಪುತಿ ಬೀದಿಯಿಂದ, ಉರುಬಾಂಬ ಮತ್ತು ಒಯಾಂತಾಯ್ತಾಂಬೊ ಕಡೆಗೆ ಪವಿತೋಸ್ ಬೀದಿಯಿಂದ ಹೊರಡುತ್ತವೆ. ಡ್ರೈವರುಗಳು ಆ ಉದ್ದ ಹೆಸರು ಹೇಳುವುದಿಲ್ಲ, ಒಯಾಂತಾ, ಒಯಾಂತಾ ಅಂತ ಕೂಗುತ್ತಾರೆ. ನಾನೂ ಇನ್ನು ಮುಂದೆ ಹಾಗೇ ಬರೆಯುತ್ತೇನೆ, ಟೈಪ್ ಮಾಡಿ ಸಾಕಾಯಿತು.

ಬೆಳಗ್ಗೆ: ಪಿಸಾಕ್ ಮೇಲಿಂದ ಕೆಳಕ್ಕೆ

ಕುಸ್ಕೊದಿಂದ ಪಿಸಾಕ್ ಸುಮಾರು 33 ಕಿಲೊಮೀಟರ್, ಒಂದು ಗಂಟೆ ದಾರಿ. ಆರು ಗಂಟೆಗೆ ಹೊರಟರೆ ಬಸ್ಸುಗಳಿಗಿಂತ ಮೊದಲು ಗೇಟಿನಲ್ಲಿರುತ್ತೀರಿ. ಪಿಸಾಕ್ ಪೇಟೆ ಕೆಳಗೆ ನದಿ ಪಕ್ಕದಲ್ಲಿದೆ, ಹಳೆಯ ಕಟ್ಟಡಗಳು ಅದರ ತಲೆಯ ಮೇಲಿನ ಬೆಟ್ಟದಲ್ಲಿವೆ. ಪೇಟೆಯಿಂದ ಮೆಟ್ಟಿಲು ಹತ್ತಿಯೂ ಹೋಗಬಹುದು, ಒಂದೂವರೆ ಎರಡು ಗಂಟೆ ಏರು. ಸುಮ್ನೆ ಬೇಡ. ಪೇಟೆಯಲ್ಲಿ ಟ್ಯಾಕ್ಸಿ ಹಿಡಿದು ಮೇಲಿನ ಗೇಟಿಗೆ ಹೋಗಿ, ಟ್ಯಾಕ್ಸಿಯನ್ನು ವಾಪಸ್ ಕಳಿಸಿ, ನಡೆದುಕೊಂಡು ಇಳಿಯಿರಿ. ಇಡೀ ದಿನದಲ್ಲಿ ಒಂದೇ ಸಲಹೆ ಕೇಳುವುದಾದರೆ ಇದನ್ನೇ ಕೇಳಿ. ಗುಂಪಿನ ಬಸ್ಸಿನವರು ಮೇಲಿನ ಗೇಟಿನ ಹತ್ತಿರ ಅರ್ಧ ಗಂಟೆ ಸುತ್ತಿ ಅದೇ ಬಸ್ಸಿಗೆ ವಾಪಸಾಗುತ್ತಾರೆ, ಅಸಲಿ ಪಿಸಾಕ್ ಇರುವುದು ಅವರು ನೋಡದೇ ಬಿಟ್ಟ ಇಳಿಜಾರಿನಲ್ಲಿ.

ಗೇಟು ದಾಟಿದ ಮೇಲೆ ಎದುರಿನ ಬಂಡೆಯ ಮುಖವನ್ನು ನೋಡಿ. ಜೇನುಗೂಡಿನ ಹಾಗೆ ತೂತು ತೂತು. ಅವೆಲ್ಲಾ ಇಂಕಾ ಕಾಲದ ಗೋರಿಗಳು, ಚಿನ್ನದ ಆಸೆಗೆ ಕಳ್ಳರು ಒಂದೊಂದನ್ನೂ ಬಗೆದಿದ್ದಾರೆ. ಅಲ್ಲಿಂದ ಮುಂದೆ ನೀರು ಶುರು. ಕಲ್ಲಿನಲ್ಲಿ ಕೊರೆದ ಸಣ್ಣ ಕಾಲುವೆ, ಅದರ ತುದಿಯಲ್ಲಿ ಗೋಡೆಯಿಂದ ಧಾರೆಯಾಗಿ ಬೀಳುವ ಸ್ನಾನದ ತೊಟ್ಟಿ. ಇನ್ನೂ ಹರಿಯುತ್ತಿದೆ. ಕುಡಿಯಬೇಡಿ, ಕೈ ಅದ್ದಬೇಡಿ, ಸುಮ್ನೆ ನಿಂತು ಶಬ್ದ ಕೇಳಿ.

ಆಮೇಲೆ ಕೆಳಗೆ ಬಗ್ಗಿ ನೋಡಿದರೆ ಹೊಲದ ಮೆಟ್ಟಿಲುಗಳು, ಬೆಟ್ಟದ ಮೈಯ ಬಾಗಿಗೆ ತಕ್ಕಂತೆ ಬಾಗಿ, ಕಣಿವೆಯ ತಳದವರೆಗೆ. ಘಟ್ಟದ ಮೇಲೆ ಗದ್ದೆ ಮಾಡಿದವರಿಗೆ ಇದು ಏನು ಕೆಲಸ ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಇಂಕಾಗಳು ಮಣ್ಣನ್ನು ಸುಮ್ಮನೆ ಸಮ ಮಾಡಿಲ್ಲ. ತಳದಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಆಮೇಲೆ ಮರಳು, ಎಲ್ಲಕ್ಕಿಂತ ಮೇಲೆ ಒಳ್ಳೆಯ ಮಣ್ಣು. ಹೀಗೆ ಕಟ್ಟಿದ್ದರಿಂದ ಎಷ್ಟೇ ಮಳೆ ಹೊಯ್ದರೂ ನೀರು ಒಳಗೆ ಬಸಿದು ಹೋಗುತ್ತದೆ, ಗೋಡೆ ಉಬ್ಬಿ ಬೀಳುವುದಿಲ್ಲ. ಹಗಲು ಬಿಸಿಲಿಗೆ ಕಾದ ಗೋಡೆಯ ಕಲ್ಲು ರಾತ್ರಿ ಬೆಳೆಯ ಬುಡವನ್ನು ಬೆಚ್ಚಗಿಟ್ಟು ಮಂಜಿನಿಂದ ಕಾಯುತ್ತದೆ. ಗೋಡೆಯಿಂದ ಉದ್ದ ಕಲ್ಲುಗಳು ಹೊರಗೆ ಚಾಚಿಕೊಂಡಿರುವುದು ಕಾಣುತ್ತದೆ, ಓರೆಯಾಗಿ ಒಂದರ ಮೇಲೊಂದು. ಅದು ಮೆಟ್ಟಿಲು. ಹೊಲದ ಒಂದಿಂಚು ಜಾಗವನ್ನೂ ಮೆಟ್ಟಿಲಿಗೆ ಬಿಟ್ಟುಕೊಡದೆ ಗೋಡೆಗೇ ಸಿಕ್ಕಿಸಿದ ಜಿಪುಣತನ ನನಗೆ ಬಹಳ ಹಿಡಿಸಿತು.

ದಾರಿ ಮುಂದೆ ಬಂಡೆಯ ಅಂಚಿನಲ್ಲಿ ಹೋಗುತ್ತದೆ, ಒಂದು ಕಡೆ ಬಂಡೆಯನ್ನೇ ಕೊರೆದ ಸಣ್ಣ ಸುರಂಗದಲ್ಲಿ ಬಗ್ಗಿ ದಾಟಬೇಕು. ಕೈಹಿಡಿ ಎಲ್ಲಾ ಕಡೆ ಇಲ್ಲ. ಎತ್ತರ ನೋಡಿದರೆ ತಲೆ ತಿರುಗುವವರು, ಮಂಡಿ ನೋವಿನವರು, ಎಳೆ ಮಕ್ಕಳನ್ನು ಎತ್ತಿಕೊಂಡವರು ಇಲ್ಲಿಂದ ಹಿಂದಕ್ಕೆ ಹೋಗಿ ಗೇಟಿನಲ್ಲೇ ಗಾಡಿ ಹಿಡಿಯುವುದು ಜಾಣತನ. ಉಳಿದವರಿಗೆ ಸುರಂಗದ ಆಚೆ ಇಂತಿವತಾನಾ ಸಿಗುತ್ತದೆ. ಇಂಕಾಗಳ ಭಾಷೆಯಾದ ಕೆಚುವಾದಲ್ಲಿ ಹಾಗೆಂದರೆ ಸೂರ್ಯನನ್ನು ಕಟ್ಟಿಹಾಕುವ ಜಾಗ. ಬಂಡೆಯೊಂದರ ಸುತ್ತ ನುಣುಪು ಕಲ್ಲಿನ ಗುಡಿಗಳು, ಎಲ್ಲಾ ಬಾಗಿಲುಗಳೂ ಮೇಲೆ ಕಿರಿದು ಕೆಳಗೆ ಅಗಲ, ಗೋಡೆಗಳು ಒಳಕ್ಕೆ ವಾಲಿಕೊಂಡಿವೆ. ಭೂಕಂಪಕ್ಕೆ ಅವರು ಕಂಡುಕೊಂಡ ಉತ್ತರ ಅದು. 1950ರಲ್ಲಿ ಕುಸ್ಕೊದಲ್ಲಿ ನೆಲ ನಡುಗಿದಾಗ ಇಂಕಾ ದೇವಾಲಯದ ಮೇಲೆ ಸ್ಪೇನಿನವರು ಕಟ್ಟಿದ್ದ ಕಟ್ಟಡ ಕುಸಿಯಿತು, ಕೆಳಗಿನ ಇಂಕಾ ಗೋಡೆ ನಿಂತೇ ಇತ್ತು.

ಅಲ್ಲಿ ಕೂತು ಬಾಳೆಹಣ್ಣು ತಿನ್ನಿ. ಕೆಳಗೆ ನದಿ ನೆಟ್ಟಗೆ ಹರಿಯುತ್ತಿರುವುದು ಕಾಣುತ್ತದೆ. ಇದರ ಕೆಚುವಾ ಹೆಸರು ವಿಲ್ಕಮಾಯು, ಪವಿತ್ರ ನದಿ. ಮೇಲೆ ವಿಲ್ಕನೋತ, ಕೆಳಗೆ ಉರುಬಾಂಬ ಅಂತ ಕರೆಸಿಕೊಂಡು ಕೊನೆಗೆ ಅಮೆಜಾನ್ ಸೇರುತ್ತದೆ. ಇಲ್ಲಿಂದ ಪೇಟೆಯವರೆಗೆ ಒಂದು ಗಂಟೆಗೂ ಮಿಕ್ಕಿ ಇಳಿಜಾರು. ನಿಧಾನ ಇಳಿಯಿರಿ. ಒಟ್ಟು ಎರಡೂವರೆ ಗಂಟೆ ಈ ಬೆಟ್ಟಕ್ಕೇ ಅಂತ ಇಟ್ಟುಕೊಳ್ಳಿ.

ಹೊಟ್ಟೆಪಾಡು

ಇಳಿದವರು ನೇರವಾಗಿ ಸಂತೆಗೆ ಬೀಳುತ್ತೀರಿ. ಪಿಸಾಕ್ ಸಂತೆ ದಿನವೂ ಇರುತ್ತದೆ, ಭಾನುವಾರ ದೊಡ್ಡದು, ಸುತ್ತಲಿನ ಹಳ್ಳಿಯವರು ತರಕಾರಿ, ಗೆಡ್ಡೆ ಹೊತ್ತು ತರುತ್ತಾರೆ. ಬಣ್ಣದ ಬಟ್ಟೆ ಮಾರುವ ಸಾಲು ಬಿಟ್ಟು ಒಳಗೆ ನುಗ್ಗಿ ಆಲೂಗಡ್ಡೆ ಮಾರುವ ಕಡೆ ಹೋಗಿ. ನೇರಳೆ, ಹಳದಿ, ಕೆಂಪು, ಶುಂಠಿಯ ಹಾಗೆ ಗಂಟು ಗಂಟಾದದ್ದು. ನಮ್ಮ ಮಸಾಲೆ ದೋಸೆಯೊಳಗಿನ ಪಲ್ಯದ ತವರುಮನೆ ಈ ಬೆಟ್ಟಗಳೇ. ಹಣ್ಣು ಮೆಣಸಿನಕಾಯಿಯೂ ಈ ಖಂಡದ್ದೇ. ಪೋರ್ಚುಗೀಸರ ಹಡಗು ಬರುವ ಮುಂಚೆ ನಮ್ಮವರ ಖಾರ ಅಂದರೆ ಕಾಳುಮೆಣಸು. ಕಪ್ಪು ಕಲ್ಲಿನ ಚೂರಿನ ಹಾಗೆ ಕಾಣುವ ಚುನ್ಯೊ ಅಂತ ಒಂದು ಇರುತ್ತದೆ. ರಾತ್ರಿ ಹಿಮಕ್ಕೆ ಆಲೂಗಡ್ಡೆ ಹರಡಿ, ಬೆಳಗ್ಗೆ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ್ದು. ವರ್ಷಗಟ್ಟಲೆ ಕೆಡುವುದಿಲ್ಲ. ಸಂಡಿಗೆ ಹಾಕುವ ಅಜ್ಜಿಯಂದಿರಿಗೆ ತೋರಿಸಿದ್ದರೆ ಒಂದೇ ನೋಟಕ್ಕೆ ಅರ್ಥ ಮಾಡಿಕೊಳ್ಳುತ್ತಿದ್ದರು.

ಸಸ್ಯಾಹಾರಿಗಳು ಗಮನಿಸಿ. ಮಾಂಸ ಬೇಡ ಅಂತ ಸಿನ್ ಕಾರ್ನೆ ಅಂದರೆ ಕೋಳಿ ಹಾಕಿ ತಂದುಬಿಡುತ್ತಾರೆ, ಅವರ ಲೆಕ್ಕದಲ್ಲಿ ಕಾರ್ನೆ ಅಂದರೆ ದನದ ಮಾಂಸ. ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ ಅಂತ ಮೂರೂ ಹೇಳಿ. ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ. ಇಷ್ಟಾದರೂ ಸೂಪಿನ ನೀರು ಕೋಳಿ ಬೇಯಿಸಿದ್ದೇ ಆಗಿರಬಹುದು, ಕಟ್ಟುನಿಟ್ಟಿನವರು ಅದನ್ನೂ ಕೇಳಿ. ಯೋಚನೆಯೇ ಬೇಡ ಅನ್ನುವಂಥ ತಿಂಡಿ ಚೊಕ್ಲೊ ಕೊನ್ ಕೆಸೊ, ಬೇಯಿಸಿದ ಜೋಳದ ತೆನೆ ಮತ್ತು ಒಂದು ತುಂಡು ತಾಜಾ ಚೀಸು. ಈ ಕಣಿವೆಯ ಬಿಳಿ ಮೆಕ್ಕೆಜೋಳದ ಒಂದೊಂದು ಕಾಳೂ ಹೆಬ್ಬೆರಳ ಉಗುರಿನಷ್ಟು ಇರುತ್ತದೆ. ಹಳ್ಳಿ ಮನೆಯ ಮುಂದೆ ಉದ್ದ ಕೋಲಿನ ತುದಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿದ್ದರೆ ಒಳಗೆ ಚಿಚಾ, ಜೋಳದ ಹುಳಿ ಮದ್ಯ, ಸಿಗುತ್ತದೆ ಅಂತ ಅರ್ಥ. ಕುಡಿಯುವ ಮುಂಚೆ ನಾಲ್ಕು ಹನಿ ನೆಲಕ್ಕೆ ಚೆಲ್ಲುತ್ತಾರೆ, ಭೂತಾಯಿ ಪಾಚಾಮಾಮಾಳಿಗೆ. ನೀವೂ ಹಾಗೆ ಮಾಡಿದರೆ ಅಜ್ಜಿಗೆ ಖುಷಿಯಾಗುತ್ತದೆ. ಆದರೆ ಎತ್ತರದ ಜಾಗದಲ್ಲಿ ಎರಡನೇ ಲೋಟ ಬೇಡ.

ಮಧ್ಯಾಹ್ನ: ಇಲ್ಲಿ ಒಂದು ಆಯ್ಕೆ ಮಾಡಬೇಕು

ಪಿಸಾಕ್‌ನಿಂದ ಒಯಾಂತಾಗೆ ನದಿ ಪಕ್ಕದಲ್ಲೇ ಸುಮಾರು 60 ಕಿಲೊಮೀಟರ್, ಒಂದೂವರೆ ಗಂಟೆ. ಕೊಲೆಕ್ಟಿವೊದಲ್ಲಿ ಹೋಗುವವರು ಉರುಬಾಂಬ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಈ ದಾರಿಯಲ್ಲಿ ಬಲಗಡೆ ಕೂರಿ, ಉರುಬಾಂಬದ ಮೇಲೆ ಚಿಕೋನ್ ಅನ್ನುವ ಹಿಮದ ಬೆಟ್ಟ ಇಣುಕುತ್ತದೆ. ಇಲ್ಲಿಯ ಜನಕ್ಕೆ ಇಂಥ ಬೆಟ್ಟಗಳು ಆಪು, ಅಂದರೆ ಬೆಟ್ಟವೇ ದೇವರು. ಬಿಳಿಗಿರಿ, ಮಲೆ ಮಹದೇಶ್ವರನ ಬೆಟ್ಟಕ್ಕೆ ಕೈಮುಗಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ಯಾಕ್ಸಿ ಇದ್ದರೆ ಉರುಬಾಂಬದಿಂದ ಬೆಟ್ಟ ಹತ್ತಿ ಮೊರಾಯ್, ಮರಾಸ್ ನೋಡಿ ಬರಬೇಕು ಅಂತ ಆಸೆಯಾಗುತ್ತದೆ. ಎರಡೂ ಸೇರಿ ಕಡಿಮೆ ಅಂದರೂ ಮೂರು ಗಂಟೆ. ಪಿಸಾಕ್ ಇಳಿದು ಬಂದವರು ಇದನ್ನೂ ಸೇರಿಸಿಕೊಂಡರೆ ಒಯಾಂತಾ ಕೈತಪ್ಪುತ್ತದೆ. ಎರಡನೇ ದಿನ ಇದ್ದರೆ ಅದಕ್ಕೆ ಇಟ್ಟುಕೊಳ್ಳಿ. ನಡೆಯಲು ಆಗದ ಹಿರಿಯರು ಜೊತೆಗಿದ್ದರೆ ಮಾತ್ರ ಪಿಸಾಕ್ ಬಿಟ್ಟು ಇವೆರಡನ್ನು ಹಿಡಿಯಿರಿ, ಏಕೆಂದರೆ ಇಲ್ಲಿ ಗಾಡಿ ಇಳಿದರೆ ಎದುರಿಗೇ ಎಲ್ಲಾ ಕಾಣುತ್ತದೆ.

ಮೊರಾಯ್ ಅಂದರೆ ನೆಲದಲ್ಲಿ ದೊಡ್ಡ ಬಟ್ಟಲು, ಒಳಗೆ ಬಳೆ ಜೋಡಿಸಿದ ಹಾಗೆ ದುಂಡನೆಯ ಹೊಲಗಳು. ಅತಿ ಆಳದ ಬಟ್ಟಲು ಸುಮಾರು 30 ಮೀಟರ್. ಮೇಲಿನ ಸುತ್ತಿಗೂ ತಳಕ್ಕೂ ಬಿಸಿ ತಂಪಿನಲ್ಲಿ ಬಹಳ ವ್ಯತ್ಯಾಸ ಇದೆ, ಅದಕ್ಕೇ ಯಾವ ಬೆಳೆ ಎಲ್ಲಿ ಬರುತ್ತದೆ ಅಂತ ಪರೀಕ್ಷೆ ಮಾಡಿದ ಜಾಗ ಇದು ಅಂತ ಹಲವರ ಊಹೆ. ಊಹೆ ಅಷ್ಟೇ, ಗೈಡುಗಳು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ನನಗೆ ಅದಕ್ಕಿಂತ ಸೋಜಿಗ ಅನ್ನಿಸಿದ್ದು ಬಟ್ಟಲಿನ ತಳದಲ್ಲಿ ಮಳೆ ನೀರು ನಿಲ್ಲುವುದಿಲ್ಲ ಅನ್ನುವುದು. ಎಲ್ಲಿಗೋ ಬಸಿದು ಹೋಗುತ್ತದೆ. ಕೆಳಗಿಳಿಯಲು ಈಗ ಬಿಡುವುದಿಲ್ಲ, ಮೇಲಿಂದಲೇ ಸುತ್ತು ಹಾಕಬೇಕು.

ಮರಾಸ್‌ನಲ್ಲಿ ಬೆಟ್ಟದ ಬುಡದಿಂದ ಉಪ್ಪು ನೀರಿನ ಒಂದು ಸಣ್ಣ ಒರತೆ ಹುಟ್ಟುತ್ತದೆ. ಮೊಣಕೈಯಗಲದ ತೊರೆ, ಅಷ್ಟೇ. ಅದನ್ನು ಮೂರು ಸಾವಿರಕ್ಕೂ ಹೆಚ್ಚು ಮಡಿಗಳಿಗೆ ಸೀಳಿ ಹಂಚಿದ್ದಾರೆ. ಮಡಿಗಳು ಊರಿನ ಕುಟುಂಬಗಳದ್ದು, ಅಪ್ಪನಿಂದ ಮಗಳಿಗೆ, ಮಗನಿಗೆ. ನೀರು ತುಂಬಿಸುವುದು, ಬಾಯಿ ಮುಚ್ಚುವುದು, ಒಣಗಿಸುವುದು, ಮತ್ತೆ ತುಂಬಿಸುವುದು. ನಮ್ಮ ಸಾಣೀಕಟ್ಟೆಯ ಆಗರ ನೋಡಿದವರಿಗೆ ಕೆಲಸ ಗುರುತಾಗುತ್ತದೆ, ಆದರೆ ಸಮುದ್ರ ಇಲ್ಲಿಂದ ನೂರಾರು ಕಿಲೊಮೀಟರ್ ದೂರ. ಒಣ ಕಾಲದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಮಳೆಗಾಲದಲ್ಲಿ ಕೆಂಪು ಕೆಸರು. ಮಡಿಗಳ ನಡುವೆ ನಡೆಯುವುದನ್ನು 2019ರಿಂದ ನಿಲ್ಲಿಸಿದ್ದಾರೆ, ಒಳ್ಳೆಯದೇ ಆಯಿತು, ತಿನ್ನುವ ಉಪ್ಪಿನಲ್ಲಿ ಯಾರ ಬೂಟೋ ಏಕೆ?

ಚಿಂಚೇರೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಕಾ ಗೋಡೆಯ ಮೇಲೆ ಕೂತ ಬಿಳಿ ಚರ್ಚು ಚೆನ್ನಾಗಿದೆ, ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನಿಯಾ ಹುಳು ಅರೆದು ಉಣ್ಣೆಗೆ ಕೆಂಪು ಹಾಕಿ, ನಿಂಬೆರಸ ಹಿಂಡಿ ಬಣ್ಣ ಬದಲಿಸಿ ತೋರಿಸುವುದೂ ಚೆನ್ನ. ಆದರೆ 3,760 ಮೀಟರ್ ಎತ್ತರ. ಮೊದಲ ದಿನಕ್ಕೆ ಖಂಡಿತ ಬೇಡ.

ಸಂಜೆ: ಒಯಾಂತಾ

ಎರಡೂವರೆ ಮೂರರ ಹೊತ್ತಿಗೆ ಇಲ್ಲಿರಬೇಕು. ಕೋಟೆ ಅನ್ನುತ್ತಾರೆ, ಕೋಟೆಯಲ್ಲ. ಪಾಚಾಕುಟಿಯ ಅರಮನೆ, ಹೊಲ, ಗುಡಿ ಎಲ್ಲಾ ಸೇರಿದ ಜಾಗ. ಯುದ್ಧ ಬಂದಾಗ ಕೋಟೆಯಾಯಿತು ಅಷ್ಟೇ. ಗೇಟಿನ ಎದುರಿಗೇ ಹೊಲದ ಮೆಟ್ಟಿಲುಗಳು ಆಕಾಶಕ್ಕೆ ಏಣಿ ಹಾಕಿದ ಹಾಗೆ ನಿಂತಿವೆ, ಸುಮಾರು ಇನ್ನೂರು ಮೆಟ್ಟಿಲು ಹತ್ತಬೇಕು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ, ಫೋಟೊ ತೆಗೆಯುವ ನಾಟಕ ಮಾಡಿ, ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ.

ಮೇಲೆ ಆರು ಭಾರಿ ಚಪ್ಪಡಿಗಳು ಸಾಲಾಗಿ ನಿಂತಿವೆ, ನಸುಗೆಂಪು ಬಣ್ಣ, ಎರಡು ಚಪ್ಪಡಿಯ ನಡುವೆ ತೆಳ್ಳಗಿನ ಕಲ್ಲಿನ ಪಟ್ಟಿ. ಮುಗಿಯದೇ ಉಳಿದ ಸೂರ್ಯನ ಗುಡಿ ಅಂತ ಇದಕ್ಕೆ ಹೆಸರು. ಈ ಕಲ್ಲು ಈ ಬೆಟ್ಟದ್ದಲ್ಲ. ಈಗ ತಿರುಗಿ ನದಿಯ ಆಚೆ ದಡದ ಬೆಟ್ಟ ನೋಡಿ. ಅಲ್ಲಿ ಎತ್ತರದಲ್ಲಿ ಕಾಚಿಕಾತಾ ಕ್ವಾರಿ ಇದೆ, ಕಲ್ಲು ಕಡಿದದ್ದು ಅಲ್ಲಿ. ಚಕ್ರದ ಗಾಡಿ ಇಲ್ಲ, ಎಳೆಯಲು ಎತ್ತು ಕುದುರೆ ಇಲ್ಲ, ಬೆಟ್ಟ ಇಳಿಸಿ, ನದಿ ದಾಟಿಸಿ, ಮತ್ತೆ ಈ ಬೆಟ್ಟ ಹತ್ತಿಸಿದ್ದಾರೆ. ಎಲ್ಲವೂ ಬಂದು ಮುಟ್ಟಲಿಲ್ಲ. ದಾರಿಯಲ್ಲೇ ಬಿಟ್ಟುಹೋದ ಭಾರಿ ಕಲ್ಲುಗಳು ಇನ್ನೂ ಬಿದ್ದಿವೆ, ಊರಿನವರು ಅವನ್ನು ದಣಿದ ಕಲ್ಲುಗಳು ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯಲಿಲ್ಲ.

ಕೆಳಗೆ ಕಾಣುವ ಬಯಲನ್ನೂ ನೋಡಿಕೊಳ್ಳಿ. 1536ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ಸ್ಪೇನಿನವರ ವಿರುದ್ಧ ತಿರುಗಿಬಿದ್ದು ಕುಸ್ಕೊಗೆ ಮುತ್ತಿಗೆ ಹಾಕಿದ, ಇಲ್ಲಿ ನೆಲೆ ಮಾಡಿಕೊಂಡ. ಅವನನ್ನು ಹಿಡಿಯಲು ಎರ್ನಾಂದೊ ಪಿಸಾರೊ ಕುದುರೆ ದಂಡು ಕಟ್ಟಿಕೊಂಡು ಬಂದ. ಕುದುರೆ ಎದುರು ಇಂಕಾಗಳಿಗೆ ಬಯಲಿನಲ್ಲಿ ಗೆಲುವಿರಲಿಲ್ಲ. ಅದಕ್ಕೆ ಮಾಂಕೊ ಕಾಲುವೆಗಳ ಬಾಯಿ ತೆಗೆಸಿ ಆ ಬಯಲಿಗೆ ನೀರು ಬಿಡಿಸಿದ. ಕೆಸರಿನಲ್ಲಿ ಕುದುರೆಗಳ ಕಾಲು ಹೂತುಕೊಂಡವು, ಮೇಲಿಂದ ಬಾಣ, ಕಲ್ಲು. ಸ್ಪೇನಿನವರು ರಾತ್ರೋರಾತ್ರಿ ವಾಪಸ್ ಓಡಿದರು. ಹೊಲಕ್ಕೆ ಅಂತ ಕಟ್ಟಿದ ಕಾಲುವೆ ಒಂದು ದಿನ ಆಯುಧವಾಯಿತು. ಆಮೇಲೆ ಮಾಂಕೊ ವಿಲ್ಕಬಾಂಬದ ಕಾಡಿಗೆ ಸರಿದ, ಅಲ್ಲಿ ಇಂಕಾಗಳು 1572ರವರೆಗೆ ಹೇಗೋ ಉಳಿದುಕೊಂಡರು.

ಇಳಿಯುವಾಗ ಬಂದ ದಾರಿಯಲ್ಲಿ ಬರಬೇಡಿ, ಎಡಕ್ಕೆ ತಿರುಗಿ ಕೆಳಗಿನ ನೀರಿನ ತೊಟ್ಟಿಗಳ ಕಡೆ ಹೋಗಿ. ರಾಜಕುಮಾರಿಯ ಸ್ನಾನ ಅನ್ನುವ ಧಾರೆ ಅಲ್ಲಿದೆ. ಒಂದೇ ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿ ನಡುವಿನಿಂದ ನೀರು ಬೀಳಿಸಿದ್ದಾರೆ. ಬಸ್ಸಿನವರು ಇಲ್ಲಿಗೆ ಬರುವುದು ಕಮ್ಮಿ.

ಸೈಟಿನಿಂದ ಹೊರಬಂದ ಮೇಲೆ ಒಂದು ಗಂಟೆ ಊರಿನೊಳಗೆ ಸುತ್ತಿ. ಇದಕ್ಕೆ ಟಿಕೆಟ್ ಇಲ್ಲ. ಬೀದಿಗಳು ಇಂಕಾಗಳು ಹಾಕಿದ ಗೆರೆಯಲ್ಲೇ ಇವೆ, ಮನೆಗಳ ಬುಡದ ಗೋಡೆ ಅವರದ್ದೇ, ಒಳಗೆ ಇವತ್ತಿನ ಸಂಸಾರ, ಟಿವಿ ಶಬ್ದ, ಒಗ್ಗರಣೆ ವಾಸನೆ. ಬೀದಿಯ ಅಂಚಿನಲ್ಲಿ ಕಲ್ಲಿನ ಚರಂಡಿಯಂಥ ಕಾಲುವೆ, ಅದರಲ್ಲಿ ಬೆಟ್ಟದ ನೀರು ಸಳಸಳ ಓಡುತ್ತದೆ. ಮಕ್ಕಳು ಕಾಗದದ ದೋಣಿ ಬಿಡುತ್ತಿದ್ದರು. ಕಾಲಲ್ಲಿ ಇನ್ನೂ ಕಸುವಿದ್ದರೆ ಎದುರಿನ ಪಿಂಕುಯುನಾ ಬೆಟ್ಟ ಇದೆ, ಇದಕ್ಕೂ ದುಡ್ಡಿಲ್ಲ. ಅದರ ಮೇಲೆ ಗಾಳಿ ಬೀಸುವ ಕಡೆಯೇ ನೋಡಿ ಕಟ್ಟಿದ ಧಾನ್ಯದ ಉಗ್ರಾಣಗಳಿವೆ. ಕಡಿದಾದ ಏರು, ಕತ್ತಲಾಗುವ ಮುಂಚೆ ಇಳಿದು ಮುಗಿಸಬೇಕು; ಆರು ಗಂಟೆಗೆಲ್ಲಾ ಕತ್ತಲೆ, ಬೆಟ್ಟದ ನೆರಳು ಅದಕ್ಕೂ ಮೊದಲೇ ಬೀಳುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ಟೋಪಿ ಮತ್ತು ಸನ್‌ಸ್ಕ್ರೀನ್. ಗಾಳಿ ತಣ್ಣಗಿರುತ್ತದೆ, ಬಿಸಿಲು ಗೊತ್ತೇ ಆಗುವುದಿಲ್ಲ, ನಮ್ಮ ಕಂದು ಚರ್ಮಕ್ಕೇನು ಆಗುತ್ತದೆ ಅಂದುಕೊಂಡ ನನ್ನ ಮೂಗು ಮೂರು ದಿನ ಸಿಪ್ಪೆ ಬಿಟ್ಟಿತು. ಎರಡು ಲೀಟರ್ ನೀರು, ನಲ್ಲಿ ನೀರು ಕುಡಿಯಬೇಡಿ. ಈರುಳ್ಳಿ ಸಿಪ್ಪೆಯ ಹಾಗೆ ಒಂದರ ಮೇಲೊಂದು ಬಟ್ಟೆ, ಬೆಳಗ್ಗೆ ಜಾಕೆಟ್, ಹತ್ತಕ್ಕೆ ಟಿ-ಶರ್ಟ್, ಐದಕ್ಕೆ ಮತ್ತೆ ಜಾಕೆಟ್. ಹಿಡಿತ ಇರುವ ಶೂ, ಚಪ್ಪಲಿ ಬೇಡ. ಚಿಲ್ಲರೆ ಕಾಸು ಬೇಕೇಬೇಕು, ಶೌಚಾಲಯಕ್ಕೆ ಒಂದು ಸೋಲ್ ಕೇಳುತ್ತಾರೆ, ಕಾಗದ ನಿಮ್ಮದೇ ಇಟ್ಟುಕೊಳ್ಳಿ. ಕುರಿಮರಿ ಎತ್ತಿಕೊಂಡು ಬಣ್ಣದ ಲಂಗ ಉಟ್ಟ ಹೆಂಗಸರು ಪಕ್ಕಕ್ಕೆ ಬಂದು ನಿಂತರೆ ಫೋಟೊ ತೆಗೆಯುವ ಮೊದಲೇ ಎಷ್ಟು ಅಂತ ಕೇಳಿ, ಅದು ಅವರ ದುಡಿಮೆ. ಧನ್ಯವಾದಕ್ಕೆ ಸ್ಪ್ಯಾನಿಷಿನ ಗ್ರಾಸಿಯಾಸ್ ಸಾಕು, ಕೆಚುವಾದಲ್ಲಿ ಸುಲ್ಪಾಯ್ಕಿ ಅಂದರೆ ಮುಖ ಅರಳುತ್ತದೆ.

ವಾಪಸ್ ಹೋಗುವುದೋ ಉಳಿಯುವುದೋ

ಮಾರನೇ ದಿನ ಮಾಚು ಪಿಚ್ಚು ಇದ್ದರೆ ವಾಪಸ್ ಹೋಗಲೇಬೇಡಿ. ಮಾಚು ಪಿಚ್ಚು ಬುಡದ ಅಗ್ವಾಸ್ ಕಲಿಯೆಂತೆಸ್ ಊರಿಗೆ ರೈಲು ಒಯಾಂತಾದಿಂದಲೇ ಹೊರಡುತ್ತದೆ, ಒಂದೂವರೆ ಎರಡು ಗಂಟೆಯ ದಾರಿ. ದೊಡ್ಡ ಪೆಟ್ಟಿಗೆಯನ್ನು ಕುಸ್ಕೊ ಹೋಟೆಲಿನಲ್ಲಿ ಬಿಟ್ಟು, ಒಂದು ಸಣ್ಣ ಬ್ಯಾಗಿನಲ್ಲಿ ಬೆಳಗ್ಗೆಯೇ ಹೊರಟಿದ್ದರೆ ಈ ದಿನದ ಸುತ್ತಾಟವೇ ಮಾಚು ಪಿಚ್ಚುವಿನ ಅರ್ಧ ದಾರಿಯಾಗುತ್ತದೆ. ರಾತ್ರಿ ಒಯಾಂತಾದಲ್ಲಿ ಮಲಗಿ.

ಕುಸ್ಕೊಗೇ ಹೋಗಬೇಕಾದವರು ಚೌಕದ ಹತ್ತಿರ ಕುಸ್ಕೊ, ಕುಸ್ಕೊ ಅಂತ ಕೂಗುವ ವ್ಯಾನು ಹತ್ತಿ, ಎರಡು ಗಂಟೆ ದಾರಿ. ಕತ್ತಲಾದ ಮೇಲೆ ವ್ಯಾನುಗಳು ಕಮ್ಮಿಯಾಗುತ್ತವೆ, ರೈಲು ಬಂದ ಹೊತ್ತಿಗೆ ಸೀಟಿಗೆ ಜಗಳ. ಕೊನೆಯ ಗಾಡಿ ಎಷ್ಟಕ್ಕೆ ಅಂತ ಸೈಟಿಗೆ ಹೋಗುವ ಮುಂಚೆಯೇ ಯಾರಾದರೂ ಡ್ರೈವರನ್ನು ಕೇಳಿಟ್ಟುಕೊಳ್ಳಿ. ದಾರಿ ಚಿಂಚೇರೊ ಮೇಲೆ ಹಾದುಹೋಗುತ್ತದೆ, ಮತ್ತೆ ಎತ್ತರಕ್ಕೆ ಹತ್ತುತ್ತೀರಿ, ಕಿವಿ ಕಟ್ಟುತ್ತದೆ, ಚಳಿ ಹಿಡಿಯುತ್ತದೆ. ಕಿಟಕಿ ಪಕ್ಕ ಕೂತವರು ಜಾಕೆಟ್ಟನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಬ್ಯಾಗು ಹಿಂದೆ ಹಾಕಿಬಿಟ್ಟಿರುತ್ತಾರೆ.